ಪೇಪರಿಗೆ ಬರೆಯುವ ಕೆಲಸ

ಕೋಡಿಂಬಾಳದ ಅಕ್ಕ ಒಬ್ಬರು ಬೀಡಿ ಕಟ್ಟುತ್ತಾರೆ. ಈಗ ಓದಲು ಕಲಿತಿದ್ದಾರೆ. ಪೇಪರಿನ ದೊಡ್ಡ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಾರೆ. ಮೊನ್ನೆ ಅವರು ನಮ್ಮಲ್ಲಿ ಕೇಳಿದರು:

"ಮಗಳದ್ದು ಪಿಯುಸಿ ಆಯಿತು. ಪೇಪರಿಗೆ ಬರೆಯುವ ಕೆಲಸವೇ ಬೇಕು ಅಂತ ಹಟ ಹಿಡಿದಿದ್ದಾಳೆ. ಅದರಲ್ಲಿ ಊಟಕ್ಕೆ ಉಂಟಾ? ಹೆಣ್ಣುಮಕ್ಕಳಿಗೆ ಆಗ್ತದಾ?"

ಕೇಳಬೇಕಾದ ಮಾತೇ. ಬನ್ನಿ, ಒಟ್ಟಿಗೆ ಕುಳಿತು ಯೋಚಿಸೋಣ.

ಪೇಪರಿಗೆ ಸುದ್ದಿ ಬರೆದು ಕೊಡುವವರನ್ನು ವರದಿಗಾರರು ಎನ್ನುತ್ತೇವೆ. ಅವರು ಏನು ಮಾಡುತ್ತಾರೆ? ನಮ್ಮ ಹೊಸಮಠ ಸೇತುವೆ ನೆನಪಿದೆಯಲ್ಲ? ಉಪ್ಪಿನಂಗಡಿಯಿಂದ ಕಡಬಕ್ಕೆ ಬರುವ ದಾರಿಯಲ್ಲಿ ಅದು ತಗ್ಗಿನ ಸೇತುವೆ. ಮಳೆಗಾಲದಲ್ಲಿ ಗುಂಡ್ಯ ಹೊಳೆ ತುಂಬಿದರೆ ಸೇತುವೆ ಮುಳುಗುತ್ತಿತ್ತು. ಬಸ್ಸು ಆಚೆ ದಡದಲ್ಲಿ, ನಾವು ಈಚೆ ದಡದಲ್ಲಿ. ಪ್ರತಿ ವರ್ಷ ಅದೇ ಕಷ್ಟ. ಪ್ರತಿ ವರ್ಷ ಪೇಪರಿನಲ್ಲೂ ಅದೇ ಸುದ್ದಿ. "ಬರೆದು ಬರೆದು ಎಂತ ಆಯಿತು?" ಎಂದು ನಗುವವರೂ ಇದ್ದರು. ಈಗ ಅಲ್ಲಿ ಎತ್ತರದ ಹೊಸ ಸೇತುವೆ ಇದೆ. ಪೇಪರಿನಿಂದಲೇ ಸೇತುವೆ ಆಯಿತು ಎಂದು ನಾವು ಹೇಳುವುದಿಲ್ಲ. ಆದರೆ ಊರಿನ ಕಷ್ಟ ಊರಿನ ಹೊರಗೆ ಗೊತ್ತಾದದ್ದು ಹಾಗೆ.

ಈಗ ಒಂದು ಮಾತು ಯೋಚಿಸಿ. ಹೊಳೆ ತುಂಬಿದ ದಿನ ಯಾರೋ ಹೇಳುತ್ತಾರೆ: "ಒಬ್ಬ ಕೊಚ್ಚಿಹೋದನಂತೆ." ವರದಿಗಾರರು ಅದನ್ನು ಹಾಗೆಯೇ ಬರೆಯಬಹುದೇ? ಆ ಮನುಷ್ಯ ನೆಂಟರ ಮನೆಯಲ್ಲಿ ಕುಳಿತು ಚಾ ಕುಡಿಯುತ್ತಿದ್ದರೆ? ಮರುದಿನ ಪೇಪರು ನೋಡಿದ ಅವನ ತಾಯಿಯ ಗತಿ ಏನು? ಆದ್ದರಿಂದ ವರದಿಗಾರರು ಹೊಳೆಯ ಬದಿಗೆ ಹೋಗಬೇಕು. ಕಣ್ಣಾರೆ ಕಂಡವರನ್ನು ಕೇಳಬೇಕು. ಪೊಲೀಸರನ್ನು ಕೇಳಬೇಕು. ಮನೆಯವರನ್ನು ಕೇಳಬೇಕು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ? ಈ ಆರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಉತ್ತರ ಸಿಗದಿದ್ದರೆ ಸುದ್ದಿ ಒಂದು ದಿನ ತಡವಾಗಲಿ, ತೊಂದರೆ ಇಲ್ಲ.

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ. ಅದರ ಹೆಸರು 'ಮಂಗಳೂರು ಸಮಾಚಾರ'. 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಕಲ್ಲಚ್ಚಿನಲ್ಲಿ, 15 ದಿನಕ್ಕೊಮ್ಮೆ ಅಚ್ಚಾಗುತ್ತಿತ್ತು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ 'ಮುಂಗಾರು' ದಿನಪತ್ರಿಕೆ ಶುರು ಮಾಡಿದರು. ಓದುವ ಜನರಿಂದಲೇ ಹಣ ಕೂಡಿಸಿ ಕಟ್ಟಿದ ಪತ್ರಿಕೆ ಅದು. ಈಗ ಆ ಪತ್ರಿಕೆ ಇಲ್ಲ. ಆದರೆ ಅಲ್ಲಿ ಕೆಲಸ ಕಲಿತ ಹುಡುಗರು ದೊಡ್ಡ ಪತ್ರಿಕೆಗಳಿಗೆ ಹೋದರು. ದಿನೇಶ್ ಅಮಿನ್ ಮಟ್ಟು ಅವರಲ್ಲಿ ಒಬ್ಬರು.

ಇನ್ನು ಅಕ್ಕನ ಮೊದಲ ಪ್ರಶ್ನೆ. ಊಟಕ್ಕೆ ಉಂಟಾ? ಮುಚ್ಚಿಡದೆ ಹೇಳುತ್ತೇವೆ. ಪತ್ರಿಕೆಯ ಕಚೇರಿಯಲ್ಲಿ ನೌಕರಿ ಸಿಕ್ಕಿದರೆ ತಿಂಗಳ ಸಂಬಳ ಉಂಟು. ಆದರೆ ಹಳ್ಳಿಯಿಂದ ಸುದ್ದಿ ಕಳಿಸುವ ಹೆಚ್ಚಿನವರಿಗೆ ಸಿಗುವುದು ಸಣ್ಣ ಗೌರವಧನ. ಬಸ್ಸಿಗೆ, ಪೆಟ್ರೋಲಿಗೆ ಸರಿಹೋಯಿತು. ಅದಕ್ಕೇ ಒಬ್ಬರಿಗೆ ಅಡಿಕೆ ತೋಟ, ಇನ್ನೊಬ್ಬರಿಗೆ ಫೋಟೋ ಸ್ಟುಡಿಯೋ. ಮೊದಲೆಲ್ಲ ಸುದ್ದಿಯನ್ನು ಕವರಿಗೆ ಹಾಕಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸುತ್ತಿದ್ದರು. ಈಗ ಫೋನಿನಲ್ಲೇ ಹೋಗುತ್ತದೆ. ಇನ್ನೊಂದು ಕವರೂ ಉಂಟು. "ನಮ್ಮ ಬಗ್ಗೆ ಚಂದ ಬರೆಯಿರಿ" ಎಂದು ಹಣ ಇಟ್ಟು ಕೊಡುವ ಕವರು. ಸಂಬಳ ಕಡಿಮೆ ಇದ್ದಾಗ ಅದನ್ನು ಬೇಡ ಎನ್ನುವುದು ಸುಲಭ ಅಲ್ಲ. ಹೊಳೆಯಿಂದ ಕದ್ದು ಮರಳು ತೆಗೆಯುವವರ ಬಗ್ಗೆ ಬರೆದರೆ ಹೆದರಿಸುವವರೂ ಇರುತ್ತಾರೆ. ಇದನ್ನೆಲ್ಲ ಮಗಳು ಮೊದಲೇ ತಿಳಿದಿರಬೇಕು.

ಹೆಣ್ಣುಮಕ್ಕಳಿಗೆ ಆಗುತ್ತದೆಯೇ? ನಂಜನಗೂಡು ತಿರುಮಲಾಂಬ ಬಾಲವಿಧವೆ. ಮನೆಯಲ್ಲೇ ಓದು ಕಲಿತವರು. 100 ವರ್ಷಕ್ಕೂ ಹಿಂದೆಯೇ ಅವರು 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ನಡೆಸಿದರು. ಅವರಿಂದ ಆಯಿತು. ಆದರೆ ಕೆಲಸ ಮುಗಿಯುವಾಗ ರಾತ್ರಿ ಆಗಬಹುದು. ಪಂಜದ ಕಡೆಗೆ ಕೊನೆಯ ಬಸ್ಸು ಅವಳಿಗಾಗಿ ಕಾಯುವುದಿಲ್ಲ. ಎಲ್ಲಿ ಉಳಿಯುವುದು ಎಂದು ಮನೆಯವರು ಕುಳಿತು ಮಾತಾಡಬೇಕು.

ಕಲಿಯಲು ದೂರ ಹೋಗಬೇಕಾಗಿಲ್ಲ. ಪುತ್ತೂರು, ಉಜಿರೆಯ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಕಲಿಸುತ್ತಾರೆ. ಡಿಗ್ರಿ ಆದ ಮೇಲೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಉಂಟು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಬರಬೇಕು. ಇಂಗ್ಲಿಷು ಓದಲು ಬರಬೇಕು. ಕಾನೂನೂ ಸ್ವಲ್ಪ ಗೊತ್ತಿರಬೇಕು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ನಮ್ಮ ರಾಜ್ಯದಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ ರಸ್ತೆಯ ಲೆಕ್ಕ ಕೇಳಬಹುದು. 30 ದಿನದ ಒಳಗೆ ಉತ್ತರ ಕೊಡಬೇಕು. ವರದಿಗಾರರು ಮಾತ್ರ ಅಲ್ಲ, ಬೀಡಿ ಕಟ್ಟುವ ಅಕ್ಕನೂ ಕೇಳಬಹುದು.

ಅಕ್ಕ ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಡಿಗ್ರಿಗೆ ಕಳಿಸುವ. ಆದರೆ ಮೊದಲು ನಮ್ಮ ನಳ್ಳಿಯಲ್ಲಿ ನೀರು ಬಾರದ ಸುದ್ದಿ ಬರೆಯಲಿ. ನಾನೇ ಓದಿ ನೋಡ್ತೇನೆ."

ನೀವೂ ಬರೆಯಿರಿ: ಈ ವಾರ ನಿಮ್ಮ ಊರಿನಲ್ಲಿ ನಡೆದ ಒಂದು ಸಂಗತಿ. ಐದು ವಾಕ್ಯ ಸಾಕು. ನೀವು ಕಂಡದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು? ಹೇಳಿದ್ದರ ಕೆಳಗೆ ಗೆರೆ ಎಳೆಯಿರಿ.