ಬ್ರೇಕು ಹಿಡಿದ ಮೇಲೆ ಎಷ್ಟು ದೂರ?

ಮಂಗಳೂರಿನ ಬಿಜೈಯಲ್ಲಿರುವ ರಾಜ್ಯ ಸಾರಿಗೆ ನಿಲ್ದಾಣದಿಂದ ಬಸ್ಸೊಂದು ರಸ್ತೆಗೆ ತಿರುಗುತ್ತಿದೆಯೆಂದು ಭಾವಿಸಿರಿ. ಸ್ಕೂಟರಿನಲ್ಲಿ ಬರುತ್ತಿರುವ ವಿದ್ಯಾರ್ಥಿಯೊಬ್ಬನು ಅದನ್ನು ಕಂಡೊಡನೆ ಬ್ರೇಕು ಹಿಡಿಯುತ್ತಾನೆ. ಗಾಡಿಯು ಎಲ್ಲಿ ನಿಂತೀತು?

‘ಕಂಡೊಡನೆ’ ಎಂಬ ಮಾತೇ ಸರಿಯಲ್ಲ. ಕಣ್ಣು ಕಂಡುದನ್ನು ಮಿದುಳು ಗ್ರಹಿಸಿ ಕೈಗೆ ಆಜ್ಞೆ ಕೊಡುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆದಿರುತ್ತದೆ. ಗಂಟೆಗೆ 36 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 10 ಮೀಟರು. ಬ್ರೇಕು ತಾಗುವ ಮುನ್ನವೇ ಗಾಡಿಯು ಅಷ್ಟು ದೂರ ಸಾಗಿರುತ್ತದೆ. ಅನಂತರ ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ ಸುಮಾರು 7 ಮೀಟರು ಬೇಕು. ವೇಗವು ಇಮ್ಮಡಿಯಾದರೆ 10 ಮೀಟರು 20 ಆಗುವುದು ಸಹಜ. ಆದರೆ ಆ 7 ಮೀಟರು 14 ಅಲ್ಲ, 28 ಆಗುತ್ತದೆ! ಏಕೆಂದರೆ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಷ್ಟನ್ನೂ ಘರ್ಷಣೆಯು ಶಾಖವಾಗಿ ಮಾರ್ಪಡಿಸಬೇಕು. ಒಟ್ಟಿನಲ್ಲಿ 17 ಮೀಟರಿದ್ದುದು 48 ಆಯಿತು.

ಇನ್ನು ಮಳೆಯ ವಿಚಾರ. ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ರಸ್ತೆಯು ಒಣಗುವುದೇ ಅಪರೂಪ. ಟೈರಿಗೂ ರಸ್ತೆಗೂ ನಡುವೆ ನೀರು ಸೇರಿದಾಗ ಘರ್ಷಣೆಯು ಕುಗ್ಗಿ, ಬ್ರೇಕು ಹಿಡಿದ ಬಳಿಕ ಸಾಗುವ ದೂರವು ಹೆಚ್ಚುಕಡಿಮೆ ಇಮ್ಮಡಿಯಾಗಬಹುದು. ಮೊದಲ ಮಳೆಯನ್ನಂತೂ ನಂಬಲೇಬಾರದು. ಬೇಸಗೆಯಲ್ಲಿ ಸೋರಿದ ಎಣ್ಣೆಯೂ ಧೂಳೂ ನೀರಿನೊಡನೆ ಬೆರೆತು ಜಾರುವ ಲೇಪವಾಗಿರುತ್ತದೆ.

ನಮ್ಮ ಕಾನೂನಿನಂತೆ, ಕಲಿಯುವವರ ಲೈಸೆನ್ಸು ದೊರೆತು 30 ದಿನ ಕಳೆಯದೆ ಚಾಲನಾ ಪರೀಕ್ಷೆಗೆ ಹೋಗುವಂತಿಲ್ಲ. ಅನೇಕರು ಈ ಅವಧಿಯನ್ನೆಲ್ಲ ಕ್ಲಚ್ಚು, ಗೇರುಗಳಿಗೇ ವ್ಯಯಿಸುತ್ತಾರೆ. ಒಂದು ದಿನವನ್ನಾದರೂ ಕಲಿಸುವವರ ಸಮಕ್ಷಮದಲ್ಲಿ ಖಾಲಿ ಮೈದಾನದಲ್ಲಿ ಕಳೆಯಿರಿ. ಸುಣ್ಣದ ಗೆರೆಯೊಂದನ್ನೆಳೆದು, ಅಲ್ಲಿ ಬ್ರೇಕು ಹಿಡಿದು, ಗಾಡಿಯು ನಿಂತ ಜಾಗದವರೆಗೆ ಅಳೆಯಿರಿ: ಮೊದಲು ಗಂಟೆಗೆ 15 ಕಿಲೋಮೀಟರಿನಲ್ಲಿ, ಬಳಿಕ 30ರಲ್ಲಿ.