ವೈದ್ಯಸೇವೆಯಲ್ಲಿ ಸಹಾಧ್ಯಯನ

ನಮ್ಮ ತೊಪ್ಪೂರನ್ನು ದೂರದೇಶದವರು ಬಲ್ಲುದು ಅದರ ಘಾಟಿಯಿಂದ. ಬೆಂಗಳೂರಿನಿಂದ ಧರ್ಮಪುರಿಯ ಮಾರ್ಗವಾಗಿ ಸೇಲಮಿಗೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿಯು ಇಲ್ಲಿ ಇಳಿಜಾರಾಗಿ ಕೆಳಗಿಳಿಯುತ್ತದೆ. ಭಾರ ಹೊತ್ತ ಲಾರಿಗಳು ಹತೋಟಿ ತಪ್ಪಿ ಮುಂದಿನ ವಾಹನಗಳಿಗೆ ಬಡಿಯುವುದು ಅಪರೂಪವಲ್ಲ. 2020ನೆಯ ಡಿಸೆಂಬರಿನಲ್ಲಿ ಹೀಗೆ ಒಂದೇ ಲಾರಿಯಿಂದ ಹಲವು ವಾಹನಗಳು ಜಖಂಗೊಂಡು, ಪ್ರಾಣಹಾನಿಯೂ ಆಯಿತು. ಇಂತಹ ಊರಿನಲ್ಲಿ ಬೆಳೆಯುವ ವಿದ್ಯಾರ್ಥಿಗಳು ತಿಳಿದಿರಬೇಕಾದ ಒಂದು ವಿಷಯವನ್ನು ಈ ಪಾಠದಲ್ಲಿ ವಿಚಾರಿಸೋಣ.

ಘಾಟಿಯಲ್ಲಿ ಗಾಯಗೊಂಡ ಒಬ್ಬ ಮನುಷ್ಯನು ಎಷ್ಟು ಜನರ ಕೈ ದಾಟಿ ಗುಣಮುಖನಾಗುತ್ತಾನೆಂಬುದನ್ನು ಎಣಿಸಿ ನೋಡಿರಿ. ಮೊದಲು ದಾರಿಹೋಕನು, ಬಳಿಕ 108ರ ವಾಹನದ ಚಾಲಕನು ಮತ್ತು ತುರ್ತುಚಿಕಿತ್ಸೆಯ ಸಹಾಯಕನು, ಆಸ್ಪತ್ರೆಯಲ್ಲಿ ದಾದಿ, ವೈದ್ಯ, ಎಕ್ಸ್‌ರೇ ತೆಗೆಯುವವರು, ರಕ್ತಪರೀಕ್ಷೆ ಮಾಡುವವರು, ಅರಿವಳಿಕೆಯ ತಜ್ಞರು, ಶಸ್ತ್ರವೈದ್ಯರು, ಔಷಧ ಕೊಡುವವರು, ಕಡೆಯಲ್ಲಿ ನಡೆಯಲು ಮತ್ತೆ ಕಲಿಸುವ ಅಂಗಸಾಧನೆಯ ಚಿಕಿತ್ಸಕರು. ಇವರೆಲ್ಲರೂ ತಮ್ಮ ತಮ್ಮ ವಿದ್ಯೆಯಲ್ಲಿ ನಿಪುಣರೇ ಇರಬಹುದು. ಆದರೆ ರಕ್ತ ನಿಲ್ಲಿಸಲು ತೋಳಿಗೆ ಬಿಗಿದ ಪಟ್ಟಿಯನ್ನು ಎಷ್ಟು ಗಂಟೆಗೆ ಬಿಗಿಯಲಾಯಿತೆಂಬ ಒಂದು ಮಾತು ವಾಹನದಿಂದ ಆಸ್ಪತ್ರೆಗೆ ತಲುಪದೆ ಹೋದರೆ, ಪ್ರಾಣ ಉಳಿದರೂ ತೋಳು ಉಳಿಯದೆ ಹೋಗಬಹುದು. ಇಲ್ಲಿ ಲೋಪವಾದುದು ವಿದ್ಯೆಯಲ್ಲಿ ಅಲ್ಲ. ವಿದ್ಯಾವಂತರ ನಡುವಣ ಸಂಬಂಧದಲ್ಲಿ.

ಈ ಸಂಬಂಧವನ್ನು ಕಲಿಸಬಹುದೇ? ಕಲಿಸಬಹುದೆಂದು ಹೇಳುವ ಶಾಸ್ತ್ರವೇ ಅಂತರ್ವೃತ್ತಿ ಶಿಕ್ಷಣ. ಎರಡು ಅಥವಾ ಹೆಚ್ಚು ವೃತ್ತಿಗಳ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಕುರಿತು, ಒಬ್ಬರಿಂದೊಬ್ಬರು, ಒಬ್ಬರೊಡನೊಬ್ಬರು ಕಲಿಯುವುದೇ ಇದರ ಲಕ್ಷಣವೆಂದು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿಯುತ್ತದೆ. ಒಂದೇ ಕೊಠಡಿಯಲ್ಲಿ ಕುಳಿತು ಒಂದೇ ಉಪನ್ಯಾಸ ಕೇಳಿದ ಮಾತ್ರಕ್ಕೆ ಇದು ಸಿದ್ಧಿಸುವುದಿಲ್ಲ. ಪರಸ್ಪರರಿಂದ ಕಲಿಯುವುದು ಮುಖ್ಯ. ಸ್ವೀಡನ್ ದೇಶದ ಲಿಂಕೋಪಿಂಗ್ ವಿಶ್ವವಿದ್ಯಾಲಯವು 1986ರಲ್ಲಿಯೇ ವೈದ್ಯ, ದಾದಿ ಮೊದಲಾದ ವಿದ್ಯಾರ್ಥಿಗಳಿಗೆ ಕೂಡಿ ಕಲಿಯುವ ಪಾಠಕ್ರಮವನ್ನು ಆರಂಭಿಸಿತು. ಕನ್ನಡನಾಡಿನ ಮಣಿಪಾಲದಲ್ಲಿಯೂ ಈ ವಿಷಯದಲ್ಲಿ ಅಧ್ಯಾಪಕರನ್ನು ತರಬೇತುಗೊಳಿಸುವ ಸಂಸ್ಥೆಯೊಂದು 2018ರಿಂದ ಕಾರ್ಯ ನಡೆಸುತ್ತ ಬಂದಿದೆ.

ಭಾವನೆಯೇನೋ ನಮಗೆ ಹೊಸದಲ್ಲ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆ ನಿಂತಿದೆಯೆಂದು ಚರಕಸಂಹಿತೆಯು ಬಹು ಹಿಂದೆಯೇ ಹೇಳಿತು. ವೈದ್ಯನೇ ಪ್ರಧಾನನೆಂದು ಒಪ್ಪಿದರೂ, ಪರಿಚಾರಕನನ್ನೂ ರೋಗಿಯನ್ನೂ ಅದು ಲೆಕ್ಕದಿಂದ ಬಿಡಲಿಲ್ಲ. ರೋಗಿಯೂ ಒಂದು ಪಾದವೆಂಬುದು ವಿಶೇಷವಾಗಿ ಗಮನಿಸತಕ್ಕ ಅಂಶ.

ಇದರಿಂದ ಪ್ರಯೋಜನವುಂಟೇ ಎಂದು ಕೇಳುವವರಿಗೆ ಒಂದು ಪ್ರಮಾಣವನ್ನು ಕೊಡುತ್ತೇವೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಒಂದು ಪಟ್ಟಿಯನ್ನು ಹೊರಡಿಸಿತು. ಕತ್ತಿ ತಗಲುವ ಮುನ್ನ ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಬೇಕು. ರೋಗಿ ಯಾರು, ಶಸ್ತ್ರಕ್ರಿಯೆ ಎಲ್ಲಿ ಎಂಬುದನ್ನು ಎಲ್ಲರೂ ಕೇಳುವಂತೆ ದೃಢಪಡಿಸಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ, ಫಲವನ್ನು 2009ರಲ್ಲಿ ಪ್ರಕಟಿಸಿದರು. ಮೊದಲು ಶೇಕಡಾ 1.5 ಇದ್ದ ಮರಣವು 0.8ಕ್ಕೆ ಇಳಿದಿತ್ತು, ಶೇಕಡಾ 11 ಇದ್ದ ತೊಡಕುಗಳು 7ಕ್ಕೆ ಇಳಿದಿದ್ದವು. ಹೆಸರು ಹೇಳಿಕೊಂಡವನು ಮುಂದೆ ಸಂದೇಹ ಬಂದಾಗಲೂ ಬಾಯಿ ತೆರೆಯಬಲ್ಲನು. ಅಪರಿಚಿತನಾಗಿ ನಿಂತವನು ಕಂಡ ತಪ್ಪನ್ನೂ ನುಂಗಿಕೊಳ್ಳುವನು.

ನಮ್ಮ ಧರ್ಮಪುರಿ ಜಿಲ್ಲೆಯಲ್ಲಿಯೇ ಇದಕ್ಕೆ ಹತ್ತಿರದ ನಿದರ್ಶನವುಂಟು. ಬೆಟ್ಟಗಳ ನಡುವಣ ಸಿಟ್ಟಿಲಿಂಗಿ ಕಣಿವೆಗೆ 1993ರಲ್ಲಿ ಅರಿವಳಿಕೆಯ ವೈದ್ಯರಾದ ರೆಜಿ ಜಾರ್ಜ್ ಅವರೂ ಸ್ತ್ರೀರೋಗ ವೈದ್ಯೆಯಾದ ಲಲಿತಾ ಅವರೂ ಬಂದು, ಗುಡಿಸಲಿನಲ್ಲಿ ಚಿಕಿತ್ಸೆಯನ್ನು ಆರಂಭಿಸಿದರು. ಪಟ್ಟಣದಿಂದ ದಾದಿಯರನ್ನು ಕರೆತರುವ ಬದಲು ಅಲ್ಲಿಯ ಗಿರಿಜನ ಹೆಣ್ಣುಮಕ್ಕಳನ್ನೇ ಆರಿಸಿ, ರೋಗ ಗುರುತಿಸುವುದನ್ನೂ ಹೆರಿಗೆ ಮಾಡಿಸುವುದನ್ನೂ ಶಸ್ತ್ರಕ್ರಿಯೆಯಲ್ಲಿ ನೆರವಾಗುವುದನ್ನೂ ಕಲಿಸಿದರು. ವೈದ್ಯರಿಗೆ ಶಾಸ್ತ್ರ ತಿಳಿದಿತ್ತು. ಈ ಹೆಣ್ಣುಮಕ್ಕಳಿಗೆ ಮನೆಮನೆಯ ಪರಿಚಯವಿತ್ತು, ಜನರ ನುಡಿ ತಿಳಿದಿತ್ತು. ಎರಡೂ ಕೂಡಿದುದರಿಂದ, ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮುನ್ನ ಸುಮಾರು 147 ಸಾಯುತ್ತಿದ್ದ ಆ ಕಣಿವೆಯಲ್ಲಿ ಕಾಲಕ್ರಮದಲ್ಲಿ ಆ ಸಂಖ್ಯೆ 20ರ ಆಸುಪಾಸಿಗೆ ಇಳಿಯಿತು.

ನುಡಿಯ ಮಾತು ನಮಗೂ ಸಲ್ಲುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ನಮ್ಮವು. ಕನ್ನಡವೊಂದೇ ಬಲ್ಲ ಲಾರಿಯ ಚಾಲಕನೊಬ್ಬನು ಗಾಯಗೊಂಡು ಬಂದಾಗ, ಅವನ ನೋವನ್ನು ಅರಿಯುವವಳು ಒಮ್ಮೊಮ್ಮೆ ನೆಲ ಒರೆಸುವ ಆಯಾ ಒಬ್ಬಳೇ ಆಗಿರಬಹುದು. ಆಗ ಅವಳ ಮಾತಿಗೆ ಕಿವಿಗೊಡುವ ವೈದ್ಯನೇ ನಿಜವಾಗಿ ಕಲಿತವನು.

ಎಲ್ಲರೂ ಮಾತನಾಡಿದರೆ ಹೊಣೆ ಯಾರದು ಎಂಬ ಆಕ್ಷೇಪವುಂಟು. ಹೊಣೆಯು ಹಂಚಿ ಕರಗತಕ್ಕದ್ದಲ್ಲ. ತೀರ್ಮಾನ ಮಾಡುವವರು ಒಬ್ಬರಿರಲೇಬೇಕು. ಆದರೆ ಎಲ್ಲರಿಗೂ ತಿಳಿದುದನ್ನು ಕೇಳಿದ ಮೇಲೆ ಮಾಡಿದ ತೀರ್ಮಾನಕ್ಕೂ ಕೇಳದೆ ಮಾಡಿದುದಕ್ಕೂ ಅಂತರವಿದೆ. ನಿಜವಾದ ಅಡಚಣೆಗಳು ಬೇರೆ: ಕಾಲೇಜುಗಳು ಬೇರೆ ಬೇರೆ, ವೇಳಾಪಟ್ಟಿಗಳು ಹೊಂದುವುದಿಲ್ಲ, ಮೇಲುಕೀಳೆಂಬ ಅಭಿಮಾನ ಬಿಡುವುದಿಲ್ಲ. 2021ರಲ್ಲಿ ನಮ್ಮ ಸಂಸತ್ತು ವೈದ್ಯಕೀಯ ಪೂರಕ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಮಾಡಿ, ಆ ವೃತ್ತಿಗಳಿಗೆ ಮನ್ನಣೆ ಕೊಟ್ಟುದು ಈ ಅಭಿಮಾನವನ್ನು ಸಡಿಲಿಸಲು ಒಂದು ಮೆಟ್ಟಿಲು.

ನಮ್ಮ ಶಾಲೆಯಿಂದ ಹೊರಡುವವರಲ್ಲಿ ವೈದ್ಯರಾಗುವವರು ಕೆಲವರು. ದಾದಿ, ಔಷಧಗಾರ, ವಾಹನಚಾಲಕ ಆಗುವವರು ಹಲವರು. ಇಂದು ಒಂದೇ ಮಣೆಯ ಮೇಲೆ ಕುಳಿತಿರುವ ಇವರು ನಾಳೆ ಆಸ್ಪತ್ರೆಯಲ್ಲಿ ಎದುರಾದಾಗ ಪರಸ್ಪರರ ಮಾತನ್ನು ಕೇಳುವರೇ ಎಂಬುದು ಇಂದಿನ ತರಗತಿಯಲ್ಲಿಯೇ ನಿಶ್ಚಯವಾಗುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ಬಾಯಿಪಾಠ ಮಾಡಿದರೆ ಸಾಲದು; ಹೊರೆಯನ್ನು ಕೈಯಿಂದ ಕೈಗೆ ಬೀಳದಂತೆ ದಾಟಿಸುವುದನ್ನೂ ಕಲಿಯಬೇಕು.

ಅಭ್ಯಾಸ

1. ಘಾಟಿಯಲ್ಲಿ ಗಾಯಗೊಂಡವನನ್ನು ವಾಹನದವರಿಗೆ ಒಪ್ಪಿಸುವಾಗ ನೀವು ಹೇಳಬೇಕಾದ ಐದು ಸಂಗತಿಗಳನ್ನು ಬರೆಯಿರಿ.
2. ಸಿಟ್ಟಿಲಿಂಗಿಯಲ್ಲಿ ವೈದ್ಯರು ಯಾರಿಂದ ಏನನ್ನು ಕಲಿತಿರಬಹುದು? ಚರ್ಚಿಸಿರಿ.
3. ಒಂದೇ ಉಪನ್ಯಾಸ ಕೇಳುವುದಕ್ಕೂ ಕೂಡಿ ಕಲಿಯುವುದಕ್ಕೂ ಇರುವ ಭೇದವೇನು?