ನೆರಳಿನಲ್ಲೂ ಬಣ್ಣ ಕೊಡುವ ಕೋಲಿಯಸ್

ನಮ್ಮ ಶಾಲೆಯ ಹಿಂದೆ ಹಲಸಿನ ಮರದ ಕೆಳಗೆ ಯಾವ ಹೂಗಿಡವೂ ಸರಿಯಾಗಿ ಬರೋದಿಲ್ಲ. ದಾಸವಾಳ ನೆಟ್ಟರೆ ಉದ್ದಕ್ಕೆ ಹೋಗುತ್ತೆ, ಮೊಗ್ಗೇ ಬಿಡಲ್ಲ. ಅದಕ್ಕೆ ಬಿಸಿಲು ಬೇಕು. ಅಂಥ ಜಾಗಕ್ಕೆ ಕೋಲಿಯಸ್ ಒಳ್ಳೆಯದು. ಇದರ ಎಲೆಯೇ ಹೂವಿನ ಹಾಗೆ ಕೆಂಪು, ಹಳದಿ, ನೇರಳೆ ಬಣ್ಣದಲ್ಲಿರುತ್ತದೆ. ಕೆಲವರು ಇದನ್ನೂ ಕ್ರೋಟನ್ ಅಂತಾರೆ. ಆದರೆ ಅದು ಬೇರೆ ಗಿಡ.

ಕೋಲಿಯಸ್ ತುಳಸಿಯ ಕುಟುಂಬಕ್ಕೆ ಸೇರಿದೆ. ಕಾಂಡ ಮುಟ್ಟಿ ನೋಡಿ, ತುಳಸಿಯಂತೆಯೇ ಚೌಕವಾಗಿದೆ. ದೊಡ್ಡಪತ್ರೆಗೂ ಇದು ಹತ್ತಿರದ ನೆಂಟ. ಹಾಗಂತ ಕಿತ್ತು ತಂಬುಳಿ ಮಾಡಬೇಡಿ! ಇದು ನೋಡೋಕೆ ಮಾತ್ರ.

ಎಲೆ ಕೆಂಪಾಗಿದ್ದರೆ ಗಿಡ ಆಹಾರ ಹೇಗೆ ತಯಾರಿಸುತ್ತೆ? ನಾವು ವಿಜ್ಞಾನದ ಮೇಷ್ಟ್ರ ಜೊತೆ ಒಂದು ಕೆಂಪು ಎಲೆಯನ್ನು ನೀರಲ್ಲಿ ಕುದಿಸಿದೆವು. ಕೆಂಪು ಬಣ್ಣ ನೀರಿಗೆ ಬಿಟ್ಟುಕೊಂಡು ಎಲೆ ಹಸಿರಾಯಿತು. ಆ ಕೆಂಪಿನ ಹೆಸರು ಆಂಥೋಸಯನಿನ್. ಪತ್ರಹರಿತ್ತು ಅದರ ಮರೆಯಲ್ಲಿ ಇದ್ದೇ ಇತ್ತು.

ನೆರಳು ಅಂದರೆ ಕತ್ತಲೆ ಅಲ್ಲ. ತೀರಾ ಕತ್ತಲಲ್ಲಿಟ್ಟರೆ ಗಿಡ ಸೊರಗಿ ಬಣ್ಣ ಮಂಕಾಗುತ್ತೆ. ಮಧ್ಯಾಹ್ನದ ಸುಡುಬಿಸಿಲಲ್ಲಿ ಎಲೆ ಬಿಳಚಿಕೊಂಡು ಅಂಚು ಸುಡುತ್ತೆ. ಬೆಳಗಿನ ಎಳೆಬಿಸಿಲು ಬೀಳುವ ಜಗಲಿ ಅಥವಾ ಮರದ ಎಲೆಗಳ ನಡುವೆ ಬೆಳಕು ಸೋಸಿ ಬರುವ ಜಾಗ ಸರಿ.

ಭದ್ರಾವತಿಯಲ್ಲಿದ್ದ ನಮ್ಮ ಅತ್ತೆ ಕ್ವಾರ್ಟರ್ಸ್ ಖಾಲಿ ಮಾಡುವಾಗ ಕುಂಡಗಳನ್ನು ತರಲು ಆಗಲಿಲ್ಲ. ನಾಲ್ಕು ಕುಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಅಲ್ಲಿ ಅವರ ಬಾಗಿಲಲ್ಲಿದ್ದ ಬಣ್ಣವೇ ಈಗ ನಮ್ಮ ಜಗಲಿಯಲ್ಲಿದೆ. ಬೀಜ ಹಾಕಿದ್ದರೆ ಬೇರೆ ಬೇರೆ ಬಣ್ಣ ಬರಬಹುದಿತ್ತು. ಕುಡಿಯಿಂದ ಬೆಳೆದ ಗಿಡ ತಾಯಿಗಿಡದ ಹಾಗೇ ಇರುತ್ತೆ.

ಗೆಣ್ಣಿನ ಸ್ವಲ್ಪ ಕೆಳಗೆ, ಗೇಣಿಗಿಂತ ಚಿಕ್ಕದಾಗಿ ಕುಡಿ ಕತ್ತರಿಸಿ. ಕೆಳಗಿನ ಎಲೆ ತೆಗೆದು ನೀರಿನ ಲೋಟದಲ್ಲಿಡಿ. ನೀರು ಬದಲಾಯಿಸ್ತಾ ಇರಿ. ಒಂದೆರಡು ವಾರದಲ್ಲಿ ಬಿಳಿ ಬೇರು ಕಾಣುತ್ತೆ. ಆಮೇಲೆ ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿ. ಡಬ್ಬಕ್ಕೆ ತೂತು ಇರಲೇಬೇಕು, ನಮ್ಮ ಕಡೆ ಮಳೆ ಜೋರು, ನೀರು ನಿಂತರೆ ಬೇರು ಕೊಳೆಯುತ್ತೆ. ಸೂರಿನ ನೀರು ಬೀಳುವ ಕಡೆಯೂ ಇಡಬೇಡಿ. ತುದಿ ಚಿವುಟಿದರೆ ಗಿಡ ಪೊದೆಯಾಗುತ್ತೆ. ಹೂತೆನೆ ಬಂದ ಕೂಡಲೇ ಅದನ್ನೂ ಚಿವುಟಿ, ಇಲ್ಲಾಂದ್ರೆ ಶಕ್ತಿಯೆಲ್ಲ ಅದಕ್ಕೇ ಹೋಗುತ್ತೆ.

ಈಗ ನನ್ನ ಹತ್ತಿರ ಬೇರು ಬಂದ ಆರು ಕುಡಿಗಳಿವೆ. ಎರಡನ್ನು ಹಲಸಿನ ಮರದ ಕೆಳಗೆ ಇಡೋಣ ಅಂತ ಮೇಷ್ಟ್ರು ಹೇಳಿದ್ದಾರೆ. ಉಳಿದ ನಾಲ್ಕು ಬೇಕಾದವರು ಸೋಮವಾರ ತೂತು ಮಾಡಿದ ಡಬ್ಬ ತನ್ನಿ.